ಹುಟ್ಟಿದ್ದು ಸಾಬೀತು ಮಾಡಲು ಹೊರಟ ಲಾಯರಮ್ಮ

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತಲೆನೋವಿನ ಮುಲಾಮಿನ ಡಬ್ಬಿ ತೆಗೆದು ಹಣೆಗೆ ತಿಕ್ಕಿಕೊಂಡರು. ಕಿಟಕಿಯ ಗಾಳಿಗೆ ಆ ಘಾಟು ಸೀದಾ ನನ್ನ ಮೂಗಿಗೆ ಬಂತು. ಕಣ್ಣಲ್ಲಿ ನೀರಾಡಿದ್ದು ಮುಲಾಮಿನ ಖಾರಕ್ಕೋ, ಇನ್ಯಾತಕ್ಕೋ... ಲಾಯರಮ್ಮನ ಕರಿ ಕೋಟಿಗೆ ಇದೇ ವಾಸನೆಯಿತ್ತು.

ನಮ್ಮ ಕಡೆ ಎಲ್ಲರೂ ಅವರನ್ನು ಲಾಯರಮ್ಮ ಅಂತಲೇ ಕರೆಯುತ್ತಿದ್ದರು. ಮದ್ದೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಆಫೀಸು. ಹೊಟ್ಟೆಪಾಡಿಗೆ ಅಣ್ಣತಮ್ಮಂದಿರ ಪಾಲುಪಾರೀಕತ್ತಿನ ಕೇಸುಗಳು, ಮಿಕ್ಕ ಹೊತ್ತೆಲ್ಲ ಕಷ್ಟದಲ್ಲಿದ್ದ ಮಕ್ಕಳ ಪರವಾದ ಕೆಲಸ. ದಪ್ಪನೆ ಆಳು, ಜೋರು ಗಂಟಲು, ಬಸ್ಸು ಹತ್ತಿದರೆ ತಲೆನೋವು. ಆದರೂ ಮಂಡ್ಯ, ಮದ್ದೂರು, ಮಳವಳ್ಳಿ ಅಂತ ಬಸ್ಸಿನಲ್ಲೇ ಓಡಾಡುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಸವಿತನ ಮದುವೆ ದಿನ. ನಮ್ಮೂರು ಮಳವಳ್ಳಿ ತಾಲ್ಲೂಕಿನದು. ನಾನಾಗ ಒಂಬತ್ತನೇ ಕ್ಲಾಸು. ಪಕ್ಕದ ಮನೆಯ ಸವಿತ ನನಗಿಂತ ಎರಡು ವರ್ಷ ದೊಡ್ಡವಳು, ಪಿಯುಸಿ ಓದುತ್ತಿದ್ದಳು. ಮದುವೆಯ ಹಿಂದಿನ ದಿನ ಬೀದಿಯ ನಲ್ಲಿಗೆ ನೀರಿಗೆ ಬಂದಾಗ ಬಿಂದಿಗೆ ಕೆಳಗಿಟ್ಟು, "ನಂಗೆ ಬ್ಯಾಡ ಕಣೇ, ಪರೀಕ್ಸೆ ಬರೀಬೇಕು ನಾನು" ಅಂದಿದ್ದಳು. ಬೇರೆ ಯಾರಿಗೆ ಹೇಳುವುದೆಂದು ಗೊತ್ತಾಗದೆ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದವಳು ನಾನೇ.

ಮಾರನೆಯ ದಿನ ಚಪ್ಪರದ ಮುಂದೆ ಜೀಪು ನಿಂತಿತು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸು, ಹಿಂದೆ ಕೋಟು ಕಂಕುಳಲ್ಲಿಟ್ಟುಕೊಂಡ ಲಾಯರಮ್ಮ. ಗಂಡಿನ ಕಡೆಯ ಹಿರಿಯರು ಒಂದಿಷ್ಟೂ ಗಾಬರಿಯಾಗಲಿಲ್ಲ. ಜೇಬಿನಿಂದ ಸವಿತನ ಶಾಲೆಯ ಸರ್ಟಿಫಿಕೇಟು ತೆಗೆದು ಕೊಟ್ಟರು. ಅದರ ಪ್ರಕಾರ ಅವಳಿಗೆ ಹದಿನೆಂಟು ತುಂಬಿತ್ತು. ನಿಜವಾಗಿ ಅವಳಿಗೆ ಹದಿನಾರು. ಅವಳ ಅವ್ವ ಕೂಲಿಗೆ ಹೋಗುವಾಗ ಮಗುವನ್ನು ನೋಡಿಕೊಳ್ಳುವವರಿಲ್ಲ ಅಂತ ಅಣ್ಣನ ಜೊತೆಗೇ ಶಾಲೆಗೆ ಸೇರಿಸಿದ್ದರು. ಸೇರಿಸಿಕೊಳ್ಳಲಿ ಅಂತ ವಯಸ್ಸು ಹೆಚ್ಚಿಗೆ ಬರೆಸಿದ್ದರು. ಇದು ಇಡೀ ಬೀದಿಗೆ ಗೊತ್ತಿತ್ತು.

ಲಾಯರಮ್ಮ ಸವಿತನ ಅವ್ವನ ಮುಂದೆ ಕುಕ್ಕುರುಗಾಲಲ್ಲಿ ಕೂತರು. "ನೀನು ಹೆತ್ತೋಳು. ನೀನೇ ಹೇಳವ್ವ, ಇವಳು ಹುಟ್ಟಿದ್ದು ಯಾವ ವರ್ಷ?"

ಆಕೆ ನೆಲ ನೋಡಿದಳು. "ನಂಗೇನ್ ಗೊತ್ತಮ್ಮ... ಇಸ್ಕೂಲಲ್ಲಿ ಬರ್ದಿರೋದೇ ಸರಿ ಬುಡಿ."

ಹುಟ್ಟು ನೋಂದಣಿ ಮಾಡಿಸಿದ ಕಾಗದ ಮನೆಯಲ್ಲಿ ಇರಲಿಲ್ಲ. ಶಾಲೆಯ ದಾಖಲೆ ಇರುವಾಗ ವಯಸ್ಸು ತಿಳಿಯುವ ಮೂಳೆ ಪರೀಕ್ಷೆಗೆ ಕಳಿಸುವಂತಿಲ್ಲ ಅಂದರು ಅಧಿಕಾರಿಗಳು. ಅದು ಕಾನೂನೇ. ಬಂದವರು ಮಜ್ಜಿಗೆ ಕುಡಿದು ಜೀಪು ಹತ್ತಿದರು. ಲಾಯರಮ್ಮ ಲೋಟ ಮುಟ್ಟಲಿಲ್ಲ. ವಾಲಗ ಶುರುವಾದಾಗ ಅವರು ನಮ್ಮ ಜಗಲಿಯ ಮೇಲೆ ಕೂತು ಹಣೆಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋಗಿ, ಫೋನು ಮಾಡಿದ್ದು ನಾನೇ ಅಂತ ಹೇಳಿದೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಕಾನೂನು ತಪ್ಪು ಮಾಡ್ಲಿಲ್ಲ ಕಣೇ. ಸರಿಯಾಗೇ ನಡೀತು. ನನ್ನ ಸಿಟ್ಟೇ ಅದು."

ಅದಾಗಿ ಕೆಲವು ತಿಂಗಳಿಗೆ ಅವರು ನಮ್ಮನೆಗೆ ಮತ್ತೆ ಬಂದರು. ಅವರು ಹೇಳಿದ್ದಿಷ್ಟು: ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ ಒಪ್ಪಿಕೊಂಡಿದೆ. ಒಪ್ಪಿಕೊಂಡ ದೇಶಗಳು ಜಿನೀವಾದಲ್ಲಿ ಒಂದು ಸಮಿತಿಯ ಮುಂದೆ ಆಗಾಗ ವರದಿ ಒಪ್ಪಿಸಬೇಕು. ಸರ್ಕಾರದ ವರದಿಯ ಜೊತೆಗೆ ಸಂಘಗಳೂ ತಮ್ಮ ವರದಿ ಕೊಡಬಹುದು, ಮಕ್ಕಳೇ ಹೋಗಿ ಮಾತಾಡಬಹುದು. ಬೆಂಗಳೂರಿನ ಕೆಲವು ಸಂಘದವರು ಅಂಥ ವರದಿ ಬರೆಯುತ್ತಿದ್ದರು. ಸವಿತನ ವಿಷಯ ಅದರಲ್ಲಿ ಸೇರಿತ್ತು. ಅದನ್ನು ಹೇಳಲು ಹೋಗುವವಳು ನಾನು.

ಅಪ್ಪ ಕಬ್ಬಿನ ಗದ್ದೆಯಿಂದ ಆಗಷ್ಟೇ ಬಂದಿದ್ದರು. ಕಾಲು ತೊಳೆಯುವುದನ್ನೂ ಮರೆತು ಕೇಳಿದರು: "ನಮ್ಮಳ್ಳಿ ಇಸ್ಯ ಅಲ್ಲೀಗಂಟ ಓಗಿ ಯೋಳುದ್ರೆ ಏನಾದದು ಲಾಯರಮ್ಮಾರೇ? ಅವ್ರೇನ್ ಪೊಲೀಸ್ನೋರಾ?"

"ಪೊಲೀಸೂ ಅಲ್ಲ, ಜೈಲೂ ಇಲ್ಲ. ಗಂಡ ಸರಿಯಾಗಿ ನೋಡ್ಕೊಳ್ಳಲ್ಲ ಅಂದ್ರೆ ಹಿರೀಕರ ಮುಂದೆ ಕೂರಿಸಿ ಕೇಳ್ತೀವಲ್ಲಪ್ಪ, ಹಂಗೆ. ಎಲ್ರೆದುರು ಮುಖ ನೋಡಿ ಕೇಳ್ತಾರೆ."

"ಬರೀ ಕೇಳಕ್ಕಾ?"

"ಇಲ್ಲಿ ಅದನ್ನೂ ಯಾರೂ ಕೇಳ್ತಿಲ್ವಲ್ಲ."

ಅಪ್ಪ ಕಾಲು ತೊಳೆಯಲು ಚೊಂಬು ಎತ್ತಿಕೊಂಡು, "ಓಗ್ಬರ್ಲಿ ಬುಡಿ" ಅಂದರು.

ನಾನು ಇಂಗ್ಲಿಷ್ ಮಾತು ಬಾಯಿಪಾಠ ಮಾಡಲು ಶುರುಮಾಡಿದ್ದೆ. ಲಾಯರಮ್ಮ ಗದರಿದರು. "ನಿನ್ನ ಮಾತಲ್ಲೇ ಹೇಳು. ಇಂಗ್ಲಿಷಿಗೆ ಹಾಕೋರು ಹಾಕ್ಕೊಳ್ಳಲಿ. ಸವಿತ ನಿನಗೆ ಹೇಳಿದ್ದು ಇಂಗ್ಲಿಷಲ್ಲೇನೇ?"

ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ತೊಡಕು ಬಂತು. ಆಗಿನ ನಿಯಮದಲ್ಲಿ ನನ್ನ ವಯಸ್ಸಿನವರಿಗೆ ಜನನ ಪ್ರಮಾಣಪತ್ರ ಬೇಕೇ ಬೇಕು. ನನ್ನದೂ ಇರಲಿಲ್ಲ. ನಾನು ಹುಟ್ಟಿದ್ದು ಮಂಡ್ಯ ತಾಲ್ಲೂಕಿನ ದುದ್ದದ ಹತ್ತಿರದ ನನ್ನಜ್ಜಿಯ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಯಾರೂ ಹೋಗಿ ಬರೆಸಿರಲಿಲ್ಲ. ಹುಟ್ಟು ದಾಖಲಾಗದ ಮಕ್ಕಳ ಕಷ್ಟ ಹೇಳಲು ಹೊರಟವಳ ಹುಟ್ಟೇ ದಾಖಲಾಗಿಲ್ಲ. ಲಾಯರಮ್ಮ ಮೊದಲು ನಕ್ಕರು. ಆಮೇಲೆ ಅವರು ಆ ವಿಷಯಕ್ಕೆ ನಕ್ಕಿದ್ದನ್ನು ನಾನು ಕಾಣೆ.

ಮಳವಳ್ಳಿ ಕಡೆ ಕೇಳಿದರೆ, ಹುಟ್ಟಿದ್ದು ಮಂಡ್ಯ ತಾಲ್ಲೂಕಲ್ಲಿ, ಅಲ್ಲಿ ಕೇಳಿ ಅಂದರು. ಅಲ್ಲಿ ಕೇಳಿದರೆ, ವಾಸದ ಊರಿನಿಂದ ಬರೆಸಿಕೊಂಡು ಬನ್ನಿ ಅಂದರು. ಬರೆಸಿಕೊಂಡು ಹೋದರೆ ಅಪ್ಪನ ಹೆಸರಿನ ಒಂದು ಅಕ್ಷರ ರೇಷನ್ ಕಾರ್ಡಿನದಕ್ಕೆ ಹೊಂದುತ್ತಿರಲಿಲ್ಲ. ಒಂದು ಕಚೇರಿಯಲ್ಲಿ ಲಾಯರಮ್ಮ ನನ್ನ ಭುಜ ಹಿಡಿದು ಮೇಜಿನ ಮುಂದೆ ನಿಲ್ಲಿಸಿದರು.

"ಹುಡುಗಿ ಕಣ್ಮುಂದೇನೇ ನಿಂತವ್ಳೆ ಸ್ವಾಮಿ. ಇವಳು ಹುಟ್ಟೇ ಇಲ್ಲ ಅಂತೀರಾ?"

"ಹುಟ್ಟಿಲ್ಲ ಅನ್ನಲ್ಲ ಮೇಡಂ. ಹುಟ್ಟಿದ್ದು ನಮ್ಮಲ್ಲಿ ಇಲ್ಲ ಅಂತೀವಿ. ಕೋರ್ಟಿಂದ ಆರ್ಡರ್ ತನ್ನಿ."

ಕೋರ್ಟಿಗೆ ಹಾಕಿದರು. ಒಂದು ಸಲ ಜಡ್ಜ್ ರಜೆ, ಇನ್ನೊಂದು ಸಲ ವಕೀಲರ ಮುಷ್ಕರ, ಮತ್ತೊಂದು ಸಲ ಸರ್ಕಾರದ ಕಡೆಯಿಂದ ಯಾರೂ ಬರಲಿಲ್ಲ. ಅಜ್ಜಿ ಸಾಕ್ಷಿ ಹೇಳಲು ಬಂದು, ಯಾರೂ ಕರೆಯದೆ ವಾಪಸು ಹೋದಳು. ಪ್ರತಿ ಸಲವೂ ಮುಂದಿನ ತಾರೀಕು. ಯಾರೂ ಲಂಚ ಕೇಳಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ಜಗಳ ತೆಗೆಯಲು ಎದುರಿಗೆ ಒಬ್ಬ ಕೆಟ್ಟವನಾದರೂ ಇದ್ದಿದ್ದರೆ...

ಹೊರಡುವ ದಿನದೊಳಗೆ ಆರ್ಡರು ಬರದೆ, ನನ್ನ ಬದಲು ಬೇರೆ ಊರಿನ ಹುಡುಗಿಯೊಬ್ಬಳು ಜಿನೀವಾಕ್ಕೆ ಹೋದಳು. ಒಳ್ಳೆಯ ಹುಡುಗಿ, ಫೋನಿನಲ್ಲಿ ನನ್ನ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡಳು. ಮಕ್ಕಳ ಜೊತೆಗಿನ ಮಾತುಕತೆ ಬಾಗಿಲು ಹಾಕಿಕೊಂಡು ನಡೆಯುತ್ತದಂತೆ, ಅದನ್ನು ನೋಡಲಾಗಲಿಲ್ಲ. ಆದರೆ ಸರ್ಕಾರದವರನ್ನು ಸಮಿತಿ ಪ್ರಶ್ನೆ ಕೇಳುವುದನ್ನು ಕಂಪ್ಯೂಟರಿನಲ್ಲಿ ತೋರಿಸುತ್ತಿದ್ದರು. ಆ ಮಧ್ಯಾಹ್ನ ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾನು, ಲಾಯರಮ್ಮ ಇಬ್ಬರೇ ಕೂತು ನೋಡಿದೆವು. ಚಿತ್ರ ನಿಂತು ನಿಂತು ಬರುತ್ತಿತ್ತು. ಸಮಿತಿಯ ಒಬ್ಬ ಬಿಳಿಕೂದಲಿನ ಹೆಂಗಸು ಮೈಕು ಎಳೆದುಕೊಂಡು ಏನೋ ಕೇಳಿದರು. ಲಾಯರಮ್ಮ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುಬಿಟ್ಟರು.

"ನಮ್ಮ ಪ್ರಶ್ನೆ ಕಣೇ ಅದು! ಹುಟ್ಟಿದ್ದು ಬರೆಸದೇ ಇರೋ ಹುಡುಗಿ ತನಗಿನ್ನೂ ಮದುವೆ ವಯಸ್ಸಾಗಿಲ್ಲ ಅಂತ ಹೆಂಗೆ ತೋರಿಸ್ಬೇಕು ಅಂತ ಕೇಳ್ತವ್ರೆ!"

ನನ್ನ ಕೈ ಹಿಡಿದುಕೊಂಡರು. ನಮ್ಮ ಬೀದಿಯ ನಲ್ಲಿಯ ಹತ್ತಿರ ಸವಿತ ಹೇಳಿದ ಮಾತು ಅಷ್ಟು ದೂರದ ಸಭೆಯಲ್ಲಿ ಪ್ರಶ್ನೆಯಾಗಿ ನಿಂತಿತ್ತು. ಉತ್ತರಕ್ಕೆ ಬಹಳ ಹೊತ್ತು ಕಾದೆವು. ಕೊನೆಗೆ ಒಬ್ಬ ಅಧಿಕಾರಿ, ಜನನ ನೋಂದಣಿ ಕಡ್ಡಾಯ, ಅದಕ್ಕೆ ಕಾನೂನಿದೆ, ಕೆಲಸ ನಡೆಯುತ್ತಿದೆ ಅಂತ ಓದಿದರು. ಅಷ್ಟೇ. ಮಾತು ಬೇರೆ ಪ್ರಶ್ನೆಗೆ ಹೋಯಿತು. ಲಾಯರಮ್ಮ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು, ಆದರೆ ಕೂರಲಿಲ್ಲ.

ಕೋರ್ಟಿನ ಆರ್ಡರು ಬಂದದ್ದು ಅದೆಲ್ಲ ಮುಗಿದ ಮೇಲೆ. "ತಗೋ, ಇವತ್ತು ಹುಟ್ಟಿದೀಯ" ಅಂತ ನನ್ನ ಕೈಗಿಟ್ಟರು. ನನಗೆ ಅದನ್ನು ಹರಿದು ಹಾಕಬೇಕೆನಿಸಿತು.

ಆಮೇಲೆ ಸಮಿತಿಯ ಶಿಫಾರಸುಗಳು ಬಂದವು. ಹುಟ್ಟು ನೋಂದಣಿಯ ಮೇಲೂ ಒಂದಷ್ಟು ಸಾಲುಗಳಿದ್ದವು. ಲಾಯರಮ್ಮ ಅದನ್ನು ಕನ್ನಡಕ್ಕೆ ಮಾಡಿ, ಪ್ರಿಂಟು ತೆಗೆಸಿ, ನಮ್ಮನ್ನು ಅಲೆಸಿದ ಕಚೇರಿಗಳಿಗೆಲ್ಲ ತಾವೇ ಹೋಗಿ ಕೊಟ್ಟರು. ಒಂದು ಕಡೆ ಗುಮಾಸ್ತರು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ನಮ್ಮ ಇಲಾಖೆ ಸುತ್ತೋಲೆ ಬರಬೇಕಲ್ಲಮ್ಮ" ಅಂದರು. ಆ ಮನುಷ್ಯನದೂ ತಪ್ಪಲ್ಲ. ಜಿನೀವಾದಿಂದ ಅವರ ಮೇಜಿನವರೆಗೆ ಆ ಕಾಗದವನ್ನು ಇಳಿಸಬೇಕಾದವರು ಯಾರೂ ಇಳಿಸಿರಲಿಲ್ಲ.

ಸವಿತನನ್ನು ನೋಡಲು ನಾವಿಬ್ಬರೂ ಒಮ್ಮೆ ಹೋದೆವು. ವೈದ್ಯನಾಥಪುರದ ಕಡೆ ಅವಳ ಗಂಡನ ಮನೆ. ಕಂಕುಳಲ್ಲಿ ಕೂಸಿತ್ತು. ಪ್ರಶ್ನೆ ಕೇಳಿದ್ದನ್ನು, ಶಿಫಾರಸು ಬಂದದ್ದನ್ನು ಲಾಯರಮ್ಮ ಹುರುಪಿನಿಂದ ಹೇಳಿದರು. ಈಗಲೂ ಓದಬಹುದು, ನಾನು ಕಟ್ಟಿಸ್ತೀನಿ ಪರೀಕ್ಷೆಗೆ ಅಂದರು. ಸವಿತ ಒಳಗೆ ಅತ್ತೆ ಇರುವ ಕಡೆ ನೋಡಿ ದನಿ ತಗ್ಗಿಸಿದಳು. "ಅವತ್ತು ಬಂದ್ರಲ್ಲ, ಅವತ್ತೇ ಬೇಕಾಗಿತ್ತು ಕಣಮ್ಮ. ಈಗ ಬುಡಿ. ಟೀ ಕುಡೀರಿ."

ಕುಡಿದೆವು. ವಾಪಸು ಬರುವಾಗ ಶಿಂಷಾ ಹೊಳೆಯ ದಂಡೆಯ ದೇವಸ್ಥಾನದ ಮೆಟ್ಟಿಲ ಮೇಲೆ ಲಾಯರಮ್ಮ ಕೂತುಬಿಟ್ಟರು. ಒಳಗೆ ಹೋಗಿ ಕೈ ಮುಗಿಯಲಿಲ್ಲ. "ಇವಳು ಬೈದಿದ್ರೆ ಚೆನ್ನಾಗಿತ್ತು ಕಣೇ" ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ಬಸ್ಸಿಗೆ ನಡೆದರು. ಮುಂದಿನ ವಾರದಿಂದ ಊರೂರಿನ ಶಾಲೆಗೆ ಹೋಗಿ, ಹುಟ್ಟು ಬರೆಸದ ಮಕ್ಕಳನ್ನು ಹುಡುಕಿ ಹುಡುಕಿ ಕೇಸು ಹಾಕತೊಡಗಿದರು. ಜಿನೀವಾದ ಸುದ್ದಿಯನ್ನು ಬಿಡಲೂ ಇಲ್ಲ. "ಅದು ದೂರದ ಬಾಗಿಲು, ಇದು ಹತ್ತಿರದ್ದು. ಎರಡನ್ನೂ ಬಡೀತಾ ಇರ್ಬೇಕು" ಅನ್ನುತ್ತಿದ್ದರು. ಕೈ ನೋಯುತ್ತದೆ ಅಂತ ಮಾತ್ರ ಯಾವತ್ತೂ ಹೇಳಲಿಲ್ಲ...

ಅವರು ಹೋಗಿ ಈಗ ನಾಲ್ಕೈದು ವರ್ಷವಾಯಿತು. ಕೋರ್ಟಿನಿಂದ ಬಂದವರು ಎದೆ ಹಿಡಿದುಕೊಂಡು ಮಲಗಿದರಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ನಾನೀಗ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿದ್ದೇನೆ, ಮಳವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಈಗ ಹುಟ್ಟು ಬರೆಸುವುದು ಎಷ್ಟೋ ಸಲೀಸಾಗಿದೆ, ಆಸ್ಪತ್ರೆಯಲ್ಲೇ ಆಗುತ್ತದೆ. ಆದರೂ ಹೋದ ವರ್ಷ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಬೇಸಿಗೆ ರಜೆ ಮುಗಿದ ಮೇಲೆ ಬರಲೇ ಇಲ್ಲ. ಮನೆಗೆ ಹೋದರೆ ಬೀಗ. ವಿಚಾರಿಸಿದವರೆಲ್ಲ ಬೇರೆ ಬೇರೆ ಊರಿನ ಹೆಸರು ಹೇಳಿದರು. ಮದುವೆ ಮಾಡಿಬಿಟ್ಟಿರಬಹುದು ಅಂತ ದೂರು ಕೊಟ್ಟೆ. ಪರಿಶೀಲನೆಯಲ್ಲಿದೆ ಅನ್ನುತ್ತಾರೆ.

ಮೊನ್ನೆ ಬಸ್ಸು ಇಳಿಯುತ್ತಿದ್ದ ಹಾಗೇ ಬೆಂಗಳೂರಿನ ಸಂಘದಿಂದ ಫೋನು ಬಂತು. ಜಿನೀವಾಕ್ಕೆ ಕೊಡುವ ಮುಂದಿನ ವರದಿಗೆ ತಯಾರಿ ನಡೆದಿದೆಯಂತೆ, ನಿಮ್ಮ ಕಡೆಯ ಮಕ್ಕಳನ್ನು ಮಾತಾಡಿಸಿ ಕೊಡಿ ಮೇಡಂ ಅಂತ ಒಬ್ಬ ಎಳೆ ದನಿಯ ಹುಡುಗಿ ಕೇಳಿದಳು. ಹೋದ ಸಲ ನಾವು ಹೇಳಿದ್ದು ಏನಾಯಿತಮ್ಮ ಅಂದೆ. ಅವಳಿಗೆ ಗೊತ್ತಿರಲಿಲ್ಲ. ಪಾಪ, ಅವಳೂ ಆಗ ಶಾಲೆಯಲ್ಲಿ ಇದ್ದಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವಳ ಮೇಲೆ ರೇಗಿಬಿಟ್ಟೆ. ಅವಳು, ಸಮಾಧಾನ ಮಾಡ್ಕೊಳ್ಳಿ ಮೇಡಂ ಅಂದಳು.

ಮಕ್ಕಳನ್ನು ಮಾತಾಡಿಸುತ್ತೇನೆ, ಇನ್ನೇನು ಮಾಡಲಿ. ಕಾಣೆಯಾದ ಆ ಹುಡುಗಿಯ ವಿಷಯವನ್ನೂ ಹೇಳುತ್ತೇನೆ. ಆದರೆ ಈ ಸಿಟ್ಟನ್ನು ಎಲ್ಲಿ ಹಾಕಲಿ? ಸಮಾಧಾನ ಮಾಡಿಕೋ ಅಂತ ಒಂದು ದಿನವೂ ನನಗೆ ಹೇಳದೆ, ಎದುರಿಗೆ ಕೂತು ನನ್ನಷ್ಟೇ ಸಿಟ್ಟು ಮಾಡಿಕೊಳ್ಳುತ್ತಿದ್ದವರು ಅವರೊಬ್ಬರೇ.