ಷಡ್ಡಕ ಕಡೆದ ತಟ್ಟೆ

ನನ್ನ ಷಡ್ಡಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದರೆ ನಾಲ್ಕನ್ನೂ ಹೇಳಬಲ್ಲೆ. ಹೇಳುವಾಗ ಹೊಟ್ಟೆ ಉರಿಯುತ್ತದೆ, ಅಷ್ಟೇ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ನಾನು ಮೂವತ್ತು ವರ್ಷದಿಂದ ಡೀಸೆಲ್ ಮೆಕ್ಯಾನಿಕ್. ಆ ಮನೆಗೆ ಮೊದಲು ಅಳಿಯನಾಗಿ ಕಾಲಿಟ್ಟವನು ನಾನು. ಅವನು ಬಂದದ್ದು ಆರು ವರ್ಷದ ಮೇಲೆ. ಬಂದ ಆರೇ ತಿಂಗಳಿಗೆ ನೇರ ಅಡುಗೆಮನೆಗೆ ನುಗ್ಗಿ ತಾನೇ ನೀರು ಬಗ್ಗಿಸಿಕೊಂಡು ಕುಡಿಯುವಷ್ಟು ಸಲಿಗೆ ಸಂಪಾದಿಸಿದ. ನನಗೆ ಇವತ್ತಿಗೂ ಲೋಟವನ್ನು ತಟ್ಟೆಯ ಮೇಲಿಟ್ಟು ತಂದುಕೊಡುತ್ತಾರೆ. ಮರ್ಯಾದೆಯಂತೆ! ಯಾರಿಗೆ ಬೇಕಾಗಿದೆ ಆ ಮರ್ಯಾದೆ?

ಅವನ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಓದು ತಲೆಗೆ ಹತ್ತಲಿಲ್ಲ. ನೀರಿನ ಪಂಪು ತಯಾರಿಸುವ ಕಾರ್ಖಾನೆಗೆ ಸೇರಿ ಹದಿನಾಲ್ಕು ವರ್ಷ ಒಂದೇ ಲೇತಿನ ಮುಂದೆ ನಿಂತ. ಕಾರ್ಖಾನೆ ಮುಚ್ಚಿದ ದಿನ ಉಳಿದವರೆಲ್ಲ ಗೇಟಿನ ಬಳಿ ಕೂಗಾಡುತ್ತಿದ್ದರೆ ಇವನು ಒಳಗೆ ಹೋಗಿ ತನ್ನ ಲೇತನ್ನು ಒರೆಸಿ, ಎಣ್ಣೆ ಹಚ್ಚಿ ಬಂದನಂತೆ. ಹರಾಜಿನಲ್ಲಿ ಆ ಮುದಿ ಯಂತ್ರವನ್ನು ಯಾರೂ ಮೂಸಿಯೂ ನೋಡಲಿಲ್ಲ. ಇವನು ಮನೆಗೇ ತಂದ. ಹಿತ್ತಲಿನ ಶೆಡ್ಡಿನ ಬಾಗಿಲು ಸಾಲದೆ ಗೋಡೆ ಒಡೆದ, ಲೇತನ್ನು ಒಳಗೆ ಕೂರಿಸಿದ, ಮತ್ತೆ ಗೋಡೆ ಕಟ್ಟಿದ. ಈಗ ಆ ಗೋಡೆಯ ತುಂಬ ಸೀಮೆಸುಣ್ಣದಲ್ಲಿ ಬರೆದ ಅಳತೆಗಳು. ಅವನ ಹೆಂಡತಿ ಬಣ್ಣ ಬಳಿಸೋಣ ಎಂದರೆ, ಊಟ ಬಿಟ್ಟವನಂತೆ ಮುಖ ಮಾಡುತ್ತಾನೆ.

ಮಾತು ಕಡಿಮೆ. ಇದೂ ಒಂದು ಉಪಾಯ ಎಂದು ನನಗೆ ಬಹಳ ದಿನ ಅನುಮಾನವಿತ್ತು. ನಾನು ಒಂದು ಗಂಟೆ ಎಂಜಿನ್ನಿನ ಬಗ್ಗೆ ಹೇಳಿದರೆ ಮಾವ ಆಕಳಿಸುತ್ತಾರೆ. ಅವನು ಒಂದು ಸಲ "ಹೂಂ, ಆಗತ್ತೆ" ಎಂದರೆ ಸಾಕು, ಎದ್ದು ಕೂರುತ್ತಾರೆ.

ಮಾವ ಇಪ್ಪತ್ತಾರು ವರ್ಷ ಬಾಡಿಗೆ ಕಾರು ಓಡಿಸಿದವರು. ಒಂದೇ ಕಾರು, ಡೀಸೆಲ್ಲಿನದು. ಅದನ್ನು ಓಡಿಸಿಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಬಾಡಿಗೆ ಓಡಿಸುವುದು ನಿಲ್ಲಿಸಿದ ಮೇಲೂ ಗಾಡಿ ಬಿಡಲಿಲ್ಲ. ಬೀದಿಯಲ್ಲಿ ಯಾರಿಗೆ ಆಸ್ಪತ್ರೆಗೆ ಹೋಗಬೇಕಿದ್ದರೂ, ಯಾರಿಗೆ ರೈಲು ಹಿಡಿಯಬೇಕಿದ್ದರೂ ಮೊದಲು ತಟ್ಟುವುದು ಅವರ ಬಾಗಿಲನ್ನೇ. ಎಪ್ಪತ್ತೊಂದರ ವಯಸ್ಸಿನಲ್ಲಿ ಇನ್ನೊಬ್ಬರಿಗೆ ಬೇಕಾದವನಾಗಿರುವುದು ಸಣ್ಣ ವಿಷಯವಲ್ಲ.

ಆ ಗಾಡಿಯ ವ್ಯಾಕ್ಯೂಮ್ ಪಂಪು ಕೈಕೊಟ್ಟಿತು. ಡೀಸೆಲ್ ಗಾಡಿಯಲ್ಲಿ ಬ್ರೇಕ್ ಹಗುರವಾಗಿರಲಿ ಎಂದು ಗಾಳಿ ಎಳೆಯುವ ಸಣ್ಣ ಪಂಪೊಂದು ಇರುತ್ತದೆ. ಅದು ಸತ್ತರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ತುಳಿದರೆ ಗಾಡಿ ನಿಂತೀತು, ಆದರೆ ತುಳಿಯುವವನ ಕಾಲು ಬಿದ್ದುಹೋಗಬೇಕು. ಹಳೆಯ ಗಾಡಿಗಳ ಫಿಟ್‌ನೆಸ್ ಪರೀಕ್ಷೆಗೆ ಇಪ್ಪತ್ತು ದಿನವಿತ್ತು. ಬ್ರೇಕ್ ಪಾಸಾಗದಿದ್ದರೆ ಗಾಡಿ ಗುಜರಿಗೆ.

"ನೀವಿದ್ದೀರಲ್ಲ, ನನಗೇನು ಚಿಂತೆ," ಎಂದರು ಮಾವ. ನನಗೇ ಹೇಳಿದ್ದು, ಅವನಿಗಲ್ಲ. ಅವತ್ತು ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದೆ.

ಆ ಎಂಜಿನ್ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಹದಿನಾಲ್ಕು ಅಂಗಡಿ ಸುತ್ತಿದೆ. ಕೊನೆಯ ಅಂಗಡಿಯವನು ಏಣಿ ಹತ್ತಿ, ಧೂಳು ಕೊಡವಿ ಒಂದು ಡಬ್ಬಿ ಇಳಿಸಿದ. ಮೇಲಿದ್ದ ನಂಬರು ನಮ್ಮದೇ. ತೆರೆದರೆ ಒಳಗೆ ಪಂಪಿಲ್ಲ, ಒಂದು ಹಳೆಯ ಕನ್ನಡಕ. "ಅಯ್ಯೋ, ಇದು ಅಪ್ಪನ್ದು! ಎಷ್ಟು ವರ್ಷದಿಂದ ಹುಡುಕ್ತಾ ಇದ್ವಿ!" ಎಂದು ಅವನು ಸಂಭ್ರಮಪಟ್ಟ. ನಾನು ಬರಿಗೈಯಲ್ಲಿ ಹಿಂದಿರುಗಿದೆ.

ಅದೇ ವಾರದ ಭಾನುವಾರ ನನ್ನ ಷಡ್ಡಕ ಸತ್ತ ಪಂಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಗುಜರಿ ಯಾರ್ಡಿಗೆ ಹೋದನಂತೆ. ಅಲ್ಲಿ ಒಡೆಯಲು ನಿಲ್ಲಿಸಿದ್ದ ಎರಡು ಸರಕಿನ ವ್ಯಾನುಗಳಲ್ಲಿ ಹೆಚ್ಚುಕಡಿಮೆ ಇಂಥದೇ ಪಂಪು. ತಿರುಗುವ ದಿಕ್ಕು ಅದೇ. ನಮ್ಮದಕ್ಕೆ ಮೂರು ಬೋಲ್ಟು, ಅದಕ್ಕೆ ನಾಲ್ಕು, ಅವನ ಕಣ್ಣಿಗೆ ಬಿದ್ದ ವ್ಯತ್ಯಾಸ ಅಷ್ಟೇ. ಒಂದನ್ನು ಬಿಚ್ಚಿಸಿ ತಂದ.

"ಎಂಜಿನ್ನಿಗೂ ಇದಕ್ಕೂ ಮಧ್ಯೆ ಒಂದು ತಟ್ಟೆ ಕಡೆದು ಹಾಕಿದ್ರೆ ಕೂರತ್ತೆ ಮಾವ," ಎಂದ. ಮಾವ ಅವನ ಬೆನ್ನಿಗೆ ಗುದ್ದಿದರು. "ಕಳ್ಳ ನೀನು! ಎಲ್ಲಿಂದ ಹುಡುಕ್ದೆ ಅಂತೀನಿ!" ನನ್ನ ಹೆಂಡತಿಯೂ ಕಣ್ಣರಳಿಸಿದಳು. ನಾನು ಹದಿನಾಲ್ಕು ಅಂಗಡಿ ಅಲೆದದ್ದು ಯಾರಿಗೂ ನೆನಪಿರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಎಲ್ಲಿ ತೂತು ಬೇಕು ಎಂದು ಗುರುತು ಹಾಕಬೇಕಾದವನು ಮೆಕ್ಯಾನಿಕ್. ಲೇತಿನವನು ಗುರುತು ಇದ್ದಲ್ಲಿ ಕೊರೆಯುತ್ತಾನೆ. ಅವನು ಎಂಜಿನ್ನಿಗೆ ಕೈ ಹಾಕುವುದಿಲ್ಲ, ನಾವು ಅವನ ಲೇತ್ ಮುಟ್ಟುವುದಿಲ್ಲ. ಆ ರೂಢಿಯಂತೆ ಅವನು ತಟ್ಟೆಯನ್ನು ನನ್ನ ಗ್ಯಾರೇಜಿಗೆ ತಂದ. ಹೆಬ್ಬೆರಳಿನಷ್ಟು ದಪ್ಪದ ಅಲ್ಯೂಮಿನಿಯಂ. ತಪ್ಪು ಹುಡುಕಲೆಂದೇ ಅಂಚಿನ ಮೇಲೆ ಉಗುರು ಆಡಿಸಿದೆ. ಎಲ್ಲೂ ತಡೆಯಲಿಲ್ಲ. ಇಷ್ಟು ಅಂದದ ಕೆಲಸ ನನ್ನ ಕೈಯಿಂದ ಒಂದಾದರೂ ಆಗಿದೆಯೇ ಎಂದು ಯೋಚಿಸಿ ಇನ್ನಷ್ಟು ಕುದ್ದೆ.

"ಅಣ್ಣ, ಎಂಜಿನ್ ಕಡೇದು ನಂಗೆ ತಿಳಿಯಲ್ಲ," ಎಂದ. "ಇನ್ನೇನಾದ್ರೂ ತೂತು ಬೇಕಿದ್ರೆ ಗುರುತು ಹಾಕ್ಕೊಡಿ. ಈಗ್ಲೇ ಕೊರೆದು ತರ್ತೀನಿ."

ಬೇಕಿತ್ತು. ಹಳೆಯ ಪಂಪಿನ ಮೈಗೇ ಎಣ್ಣೆಯ ಪೈಪು ಬಂದು ಕೂರುತ್ತಿತ್ತು. ವ್ಯಾನಿನ ಪಂಪು ಹಾಗಲ್ಲ, ಅದು ಎಣ್ಣೆ ಕುಡಿಯುವುದು ತನ್ನ ಮುಖದಲ್ಲಿರುವ ಕಿಂಡಿಯಿಂದ. ಪೈಪನ್ನು ತಟ್ಟೆಗೆ ಜೋಡಿಸಿ, ತಟ್ಟೆಯೊಳಗೆ ಒಂದು ತೂತು ಕೊರೆದು ಎಣ್ಣೆಗೆ ದಾರಿ ಮಾಡಿಕೊಡಬೇಕು. ಇಲ್ಲದಿದ್ದರೆ ಪಂಪು ಒಣಗಿ, ತಿರುಗದಂತೆ ಹಿಡಿದುಕೊಳ್ಳುತ್ತದೆ. ನೋಡಿದ ಕೂಡಲೇ ನನಗೆ ಇದು ಗೊತ್ತಾಯಿತು.

"ಏನೂ ಬೇಡ. ಎಲ್ಲ ಸರಿಯಾಗಿದೆ," ಎಂದೆ.

ಅವನು ಹೋದ ಮೇಲೆ ಪಂಪು ಜೋಡಿಸಿ, ಎಣ್ಣೆಯ ಪೈಪಿನ ಬಾಯಿಗೆ ಒಂದು ಬೋಲ್ಟು ಬಿಗಿದು ಮುಚ್ಚಿದೆ. ನಾಲ್ಕು ಜನರ ಎದುರಿಗೆ ಅವನ ಕೆಲಸ ಕೆಡಲಿ, ಆಮೇಲೆ ನಾನು ಸರಿಮಾಡಿ ತೋರಿಸುತ್ತೇನೆ, ಅಷ್ಟೇ ನನ್ನ ಆಸೆ. ಮಾವನಿಗೆ ಅಪಾಯವಾಗದಂತೆ ನಾನೂ ಗಾಡಿಯಲ್ಲಿ ಇರುತ್ತೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪರೀಕ್ಷೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ನಾನು, ಹಿಂದೆ ಅವನು. ದಾರಿಯುದ್ದಕ್ಕೂ ನನ್ನ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. "ಬ್ರೇಕು ಬೆಣ್ಣೆ ಹಾಗಿದೆ ಕಣೋ!" ಎಂದು ಮಾವ ಕನ್ನಡಿಯಲ್ಲಿ ಅವನ ಮುಖ ನೋಡಿ ನಗುತ್ತಿದ್ದರು. ಪರೀಕ್ಷೆಯ ಮೈದಾನದಲ್ಲಿ ಉದ್ದನೆಯ ಸಾಲು. ಎಂಜಿನ್ ಆರಿಸದೆ ಮುಕ್ಕಾಲು ಗಂಟೆ ಕಾದೆವು. ಬಾನೆಟ್ಟಿನ ಕೆಳಗೆ ಸಣ್ಣಗೆ ಕೀರಲು ಶಬ್ದ ಶುರುವಾಯಿತು.

"ಬೆಲ್ಟು ಇರ್ಬೇಕು ಅಲ್ವಾ?" ಎಂದರು ಮಾವ. ನಾನು "ಹೂಂ" ಎಂದೆ. ಸ್ವಲ್ಪ ಹೊತ್ತಿಗೆ ಶಬ್ದ ತಾನಾಗಿಯೇ ನಿಂತಿತು. ಪಂಪು ಒಳಗೇ ಹಿಡಿದುಕೊಂಡು, ಅದನ್ನು ತಿರುಗಿಸುವ ಹಲ್ಲು ಮುರಿದುಹೋಗಿತ್ತು. ಅದು ಗೊತ್ತಿದ್ದವನು ನಾನೊಬ್ಬನೇ.

ಅಷ್ಟರಲ್ಲಿ ನಮ್ಮ ಸರದಿ ಬಂತು. ಗಾಡಿಯಲ್ಲಿ ಓಡಿಸುವವನೊಬ್ಬನೇ ಇರಬೇಕು ಎಂದು ಇನ್ಸ್‌ಪೆಕ್ಟರು ನಮ್ಮಿಬ್ಬರನ್ನೂ ಇಳಿಸಿಬಿಟ್ಟರು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಇಳಿದು ಬಾಗಿಲು ಹಾಕಿದೆ. ವೇಗವಾಗಿ ಬಂದು ಹಳದಿ ಗೆರೆಯ ಮೇಲೆ ಬ್ರೇಕ್ ಹಾಕಬೇಕು. ಮಾವ ವೇಗವಾಗಿಯೇ ಬಂದರು. ಗೆರೆ ದಾಟಿತು. ಗಾಡಿ ನಿಲ್ಲಲಿಲ್ಲ. ಗಾಜಿನ ಹಿಂದೆ ಅವರು ಸೀಟಿನಿಂದ ಎದ್ದು ನಿಂತಂತೆ ಪೆಡಲ್ ಒತ್ತುತ್ತಿದ್ದುದು ಕಾಣುತ್ತಿತ್ತು. ಹತ್ತು ಮಾರು ಮುಂದೆ, ಪೇರಿಸಿಟ್ಟ ಟೈರುಗಳಿಗೆ ಮೂತಿ ತಾಗಿಸಿ ನಿಂತಿತು.

ಗಾಯವೇನೂ ಆಗಲಿಲ್ಲ. ಮಾವ ಇಳಿದು ತಮ್ಮ ಬಲಗಾಲನ್ನೇ ನೋಡುತ್ತಾ ನಿಂತರು.

"ಗಾಡೀದಲ್ಲ ತಪ್ಪು," ಎಂದರು. "ನನ್ನ ಕಾಲಲ್ಲಿ ಶಕ್ತಿ ಇಲ್ಲ. ಬೆಳಗ್ಗೆಯಿಂದ ಸರಿಯಾಗಿದ್ದ ಬ್ರೇಕು ಹೇಗೆ ಕೆಡತ್ತೆ? ಗುಜರಿಗೆ ಕೊಟ್ಬಿಡಿ. ಇನ್ನು ನಾನು ಓಡ್ಸಲ್ಲ."

ಹೇಳಬೇಕಾದ ಹೊತ್ತು ಅದು. ಒಂದು ವಾಕ್ಯ ಸಾಕಿತ್ತು. ನಾನು ಬಗ್ಗಿ, ಗಾಡಿಯ ಮೂತಿಗೆ ಪೆಟ್ಟಾಗಿದೆಯೇ ಎಂದು ನೋಡತೊಡಗಿದೆ.

ಷಡ್ಡಕ ಬಾನೆಟ್ ಎತ್ತಿದ. ಎಂಜಿನ್ ತಿಳಿಯದವನಾದರೂ ಅವನಿಗೆ ಕಣ್ಣಿದೆ. ತಟ್ಟೆ ನೋಡಿದ, ಸುಟ್ಟ ಪಂಪು ಮುಟ್ಟಿದ, ಅಲ್ಲಿಂದ ಬೆರಳು ಎಣ್ಣೆಯ ಪೈಪಿಗೆ ಹೋಯಿತು. ಪೈಪಿನ ಬಾಯಲ್ಲಿ ನಾನು ಬಿಗಿದ ಬೋಲ್ಟು. ಬೋಲ್ಟಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವನು ಮಾವನ ಕಡೆ ತಿರುಗಿದ.

"ನಿಮ್ಮ ಕಾಲಿಗೇನೂ ಆಗಿಲ್ಲ ಮಾವ. ಎಣ್ಣೆ ಹೋಗೋಕೆ ಒಂದು ತೂತು ಬೇಕಿತ್ತು, ನಾನು ಮರೆತೆ. ಪಂಪು ಸುಟ್ಟೋಗಿದೆ. ನನ್ನದೇ ತಪ್ಪು."

ಮಾವನ ಮುಖಕ್ಕೆ ಜೀವ ಬಂತು. "ನಿಜವಾಗ್ಲೂ?" ಎಂದು ಎರಡು ಸಲ ಕೇಳಿದರು. ಆಮೇಲೆ ಶುರುವಾಯಿತು ನೋಡಿ ಬೈಗುಳ!

ಮರುಪರೀಕ್ಷೆಗೆ ಹತ್ತು ದಿನ ಕೊಟ್ಟರು. ಯಾರ್ಡಿನಲ್ಲಿ ಉಳಿದಿದ್ದ ಎರಡನೇ ವ್ಯಾನಿನ ಪಂಪನ್ನು ನಾನೇ ಬಿಚ್ಚಿ ತಂದೆ. ಶೆಡ್ಡಿಗೆ ಹೋಗಿ ತಟ್ಟೆಯ ಮೇಲೆ ಗುರುತು ಹಾಕಿದೆ. ಅವನು ಕೊರೆದ. ಆ ಒಂದು ಗಂಟೆಯಲ್ಲಿ "ಸ್ವಲ್ಪ ಬೆಳಕು ಬಿಡಿ ಅಣ್ಣ" ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಕ್ಷಮಿಸು ಎನ್ನಲು ಬಂದವನು ನಾನೂ ಬೆಳಕು ಬಿಟ್ಟು ನಿಂತೆ.

ಗಾಡಿ ಪಾಸಾಯಿತು. ಆ ಸಂಜೆ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. "ದೊಡ್ಡಳಿಯಂದ್ರು ಇಲ್ದಿದ್ರೆ ಈ ಗಾಡಿ ಉಳೀತಾ ಇರ್ಲಿಲ್ಲ," ಎಂದು ಮಾವ ನನಗೆ ಒಳ್ಳೆಯ ಕುರ್ಚಿ ಎಳೆದು ಕೊಟ್ಟರು. ಇಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದ ಮಾತು. ಕೇಳಿಸಿಕೊಂಡೆ, ರುಚಿ ಹತ್ತಲಿಲ್ಲ.

ಆಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ ಅವನ ಕಿವಿ ಹಿಂಡಿದರು. "ಒಂದು ತೂತು ಮರೆತು ನನ್ನ ಕೊಂದೇ ಬಿಡ್ತಿದ್ಯಲ್ಲೋ, ಕತ್ತೆ!" ಮನೆಯೆಲ್ಲ ನಕ್ಕಿತು. ಮಾವನ ಕೈ ಆ ಕಿವಿಯಿಂದ ಜಾರಿ ಅವನ ಹೆಗಲ ಮೇಲೆ ನಿಂತಿತು, ಬಹಳ ಹೊತ್ತು ಅಲ್ಲೇ ಇತ್ತು.

ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಆ ಬೈಗುಳ ನನಗೆ ಬರಬೇಕಾದದ್ದು. ಅದನ್ನೂ ಅವನೇ ಇಟ್ಟುಕೊಂಡ.