ತೊಳೆದು ಕೊಟ್ಟ ಕಾರ್ಡು

ನಿನ್ನೆ ಮೇಲಿನ ಮನೆಯ ಹೊಸ ಸೊಸೆ ನನ್ನ ಉಪ್ಪಿನಕಾಯಿ ಡಬ್ಬಿ ವಾಪಸು ತಂದಳು. ತೊಳೆದಿರಲಿಲ್ಲ. ಮುಚ್ಚಳ ತೆಗೆದರೆ ಇಂಗು, ಹಳೇ ಎಣ್ಣೆಯ ಘಾಟು. ನಮ್ಮ ಕಡೆ ಮಂದಿಯ ಪಾತ್ರೆಯನ್ನು ಎಂಜಲಾಗಿ ವಾಪಸು ಕೊಡುವುದಿಲ್ಲ. ತೊಳೆದು, ಒಂದು ಚಮಚ ಸಕ್ಕರೆ ಹಾಕಿ ಕೊಡಬೇಕು. ಬೈಯಬೇಕೆಂದು ಬಾಯಿ ತೆರೆದೆ. ಬೈಯಲಿಲ್ಲ. ಬಾಜೂ ಮನೆಯಾಕೆ ನೆನಪಾದಳು...

ಮಲ್ಕಾಜ್‌ಗಿರಿಯಲ್ಲಿ ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಇಬ್ಬರ ಗಂಡಂದಿರೂ ರೈಲ್ವೆ. ಆಕೆಯ ಗಂಡ ಗೂಡ್ಸ್ ಗಾಡಿಯ ಗಾರ್ಡ್, ನಗುವ ಮನುಷ್ಯನಲ್ಲ. ಅವರು ರಿಟೈರ್ ಆದ ವರ್ಷ ನಾವು ನಾಲ್ವರೂ ನೇಪಾಳಕ್ಕೆ ಹೋದೆವು. ಗೋರಖಪುರದವರೆಗೆ ರೈಲು, ಆಮೇಲೆ ಬಸ್ಸು. ಆಕೆಯ ಕೈಯಲ್ಲಿ ಹೊಸ ಕ್ಯಾಮೆರಾ. ಗಂಡನನ್ನು ಕಂಡಕಂಡಲ್ಲಿ ನಿಲ್ಲಿಸಿ ಫೋಟೋ ತೆಗೆದಳು. ಅವರೋ, ಎಲ್ಲಿ ನಿಲ್ಲಿಸಿದರೂ ಹಸಿರು ಬಾವುಟ ತೋರಿಸುವವರ ಹಾಗೆ ಒಂದು ಕೈ ಎತ್ತುತ್ತಿದ್ದರು.

“ಕೈ ಇಳಸ್ರಿ ಅಣ್ಣಾರ, ಹಿಮಾಲಯ ಏನ್ ಎಲ್ಲೂ ಹೊಂಟಿಲ್ಲ,” ಎಂದೆ.

ಅವರು ನಕ್ಕುಬಿಟ್ಟರು, ಹಲ್ಲೆಲ್ಲ ಕಾಣುವ ಹಾಗೆ. ಆಕೆ ಅದೇ ಹೊತ್ತಿಗೆ ಗುಂಡಿ ಒತ್ತಿದ್ದಳು. “ಇಷ್ಟ ವರ್ಷದಾಗ ಇವ್ರು ನಕ್ಕಿದ್ದ ಫೋಟೋ ಇದೊಂದ ನೋಡ್ರಿ ವೈನಿ,” ಎಂದು ಇಡೀ ಬಸ್ಸಿಗೆ ತೋರಿಸಿದಳು.

ಊರಿಗೆ ಬಂದ ಮೇಲೆ ಕ್ಯಾಮೆರಾದೊಳಗಿಂದ, ಫೋಟೋಗಳೆಲ್ಲ ಇದ್ದ ಉಗುರಿನಷ್ಟಗಲದ ಕಾರ್ಡನ್ನು ತೆಗೆದು ನನ್ನ ಕೈಗೇ ಕೊಟ್ಟಳು. “ಮೊದ್ಲ ನೀವು ನಿಮ್ಮ ಪ್ರಿಂಟ್ ತೆಗಿಸ್ಕೊರ್ರಿ. ಆಷಾಢ ಮುಗೀಲಿ, ಶ್ರಾವಣ ಶುಕ್ರವಾರ ಅರಿಶಿಣ-ಕುಂಕುಮಕ್ಕ ಬಂದೋರಿಗೆಲ್ಲಾ ಒಂದೊಂದು ಫೋಟೋ ಕೊಡ್ತೀನಿ. ಅವಾಗ ನಮ್ಮವು ತೆಗಸ್ತೀನಿ.”

ಸ್ಟೇಷನ್ ರಸ್ತೆಯ ಸ್ಟುಡಿಯೋಕ್ಕೆ ಒಯ್ದೆ. ನಾನೂ ನನ್ನ ಗಂಡನೂ ಇದ್ದ ಫೋಟೋಗಳನ್ನು ಬೆರಳಿಟ್ಟು ತೋರಿಸಿದೆ. ಕಾಗದದ ಮೇಲೆ ಬಂದವು. ಸ್ಟುಡಿಯೋದವನು, ಕಾರ್ಡು ಖಾಲಿ ಮಾಡಿ ಕೊಡಲೇ ಎಂದು ಹಿಂದಿಯಲ್ಲಿ ಕೇಳಿದ. ನಾನು ಬಳಸಿದ್ದು ನನ್ನ ಎಂಜಲು, ಅದಷ್ಟೇ ಹೋಗುತ್ತದೆ, ಆಕೆಯವು ಆಕೆಗೆ ಉಳಿಯುತ್ತವೆ ಎಂದುಕೊಂಡೆ. ಓದಿದವಳಲ್ಲ ನಾನು. “ಹಾಂ, ಸಾಫ್ ಮಾಡಪ್ಪಾ” ಎಂದೆ. ಮಂದಿಯ ಸಾಮಾನು ತೊಳೆದು ಕೊಡುವ ಸಮಾಧಾನ ಬೇರೆ! ಕಾರ್ಡನ್ನು ಚೀಟಿಯಲ್ಲಿ ಸುತ್ತಿ, ಬಟ್ಟಲಲ್ಲಿ ಸಕ್ಕರೆಯ ಮೇಲಿಟ್ಟು ಕೊಟ್ಟೆ. ಆಕೆ ನಕ್ಕು, ತೆಗೆದಿಟ್ಟಳು.

ಆಷಾಢ ಮುಗಿಯಲಿಲ್ಲ. ಒಂದು ಬೆಳಿಗ್ಗೆ ತರಕಾರಿ ತರಲು ಹೋದ ಅವರು ಸಂತೆಯಲ್ಲೇ ಕುಸಿದರು. ಅಲ್ಲಿಗೇ ಮುಗಿಯಿತು.

ಮೂರನೆಯ ದಿನ ಹಾರ ಹಾಕಲು ಫೋಟೋ ಬೇಕಾಯಿತು. ಆಕೆಯ ಮೈದುನ ಕಾರ್ಡು ಒಯ್ದು ಎಲ್ಲೋ ತೋರಿಸಿ, ಒಳಗೇನೂ ಇಲ್ಲ ಎಂದು ಬಂದ. ಆಕೆ ನಮ್ಮ ಬಾಗಿಲಿಗೆ ಬಂದಳು. “ವೈನಿ, ಕಾರ್ಡ್ ಕೆಟ್ಟೈತಂತ್ರಿ. ನೀವು ಒಯ್ದಾಗ ಛಲೋ ಇತ್ತಲ್ರಿ?”

ಆಗ ನನಗೆ ತಿಳಿಯಿತು. ಯಾರ ಮುಖಕ್ಕೆ ಬೇಕಾದರೂ ಹೊಡೆದ ಹಾಗೆ ಹೇಳುವ ಬಾಯಿ ನನ್ನದು. ಅವತ್ತು ಮಾತ್ರ, “ಛಲೋ ಇತ್ತವ್ವಾ... ಆಮ್ಯಾಲ ಕೆಟ್ಟಿರಬೇಕು” ಎಂದೆ.

ಕೊನೆಗೆ ರೈಲ್ವೆ ಗುರುತಿನ ಚೀಟಿಯ ಸಣ್ಣ ಫೋಟೋವನ್ನೇ ದೊಡ್ಡದು ಮಾಡಿಸಿದರು. ಮುಖ ಗಂಟು ಹಾಕಿಕೊಂಡಿತ್ತು. “ನೋಡ್ರಿ, ನನ್ನ ಮನ್ಯಾಗ ಟಿ.ಸಿ. ಹಂಗ ನನ್ನನ್ನ ಟಿಕೆಟ್ ಕೇಳಾಕತ್ತಾರ,” ಎಂದಳು ಆಕೆ. ಅಳುತ್ತಲೇ ಎಂದಳು.

ನಾನು ತೆಗೆಸಿದ ಫೋಟೋಗಳಲ್ಲಿ ಅವರು ಇರಲಿಲ್ಲ. ಒಂದರ ಅಂಚಿನಲ್ಲಿ ಎತ್ತಿದ ಕೈ ಬಂದಿತ್ತು, ಮಣಿಕಟ್ಟಿನವರೆಗೆ. ಅದನ್ನು ಕೊಟ್ಟೆ. ಆಕೆ ಕತ್ತರಿ ತಂದು ನನ್ನನ್ನು ಕತ್ತರಿಸಿ ತೆಗೆದು, ಕೈಯಷ್ಟನ್ನೇ ಇಟ್ಟುಕೊಂಡಳು. ಸರಿಯಾಗಿಯೇ ಮಾಡಿದಳು.

ಕಾರ್ಡನ್ನು ಎಸೆಯಲಿಲ್ಲ. ತನಗಿನ್ನು ಬೇಡವಾದ ಕುಂಕುಮದ ಭರಣಿಯಲ್ಲಿ ಹಾಕಿಟ್ಟಳು. ಕ್ಯಾಮೆರಾ ಮತ್ತೆ ಮುಟ್ಟಲಿಲ್ಲ. ಎಂಟು ವರ್ಷ ಹಾಗೆಯೇ ಇದ್ದು, ಹೋದ ವರ್ಷ ಆಕೆಯೂ ಹೋದಳು. ಕಲಬುರಗಿಯಿಂದ ಆಕೆಯ ಮಂದಿ ಬಂದು ಪಾತ್ರೆ, ಬಂಗಾರ ಒಯ್ದರು. ಉಳಿದದ್ದನ್ನು ಗುಜರಿಯವನಿಗೆ ಹಾಕಿದರು. ಭರಣಿ ಯಾವುದರಲ್ಲಿ ಹೋಯಿತೋ...

ನಿನ್ನೆ ಇದನ್ನೆಲ್ಲ ಮೊದಲ ಸಲ ಮೊಮ್ಮಗಳಿಗೆ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ, “ಅಜ್ಜಿ, ಅಳಿಸಿದ್ರೂ ಅವು ಹೋಗಿರಂಗಿಲ್ಲ. ಅದರ ಮ್ಯಾಲೆ ಬ್ಯಾರೆ ಫೋಟೋ ತೆಗೀಲಿಲ್ಲಂದ್ರ ವಾಪಸ್ ತೆಗೆಯೋರು ಇರ್ತಾರ. ಕೆಟ್ಟಿಲ್ಲ, ಅಳಿಸೇನಿ ಅಂತ ಹೇಳಿದ್ರ ಸಾಕಿತ್ತು,” ಎಂದಳು.

ಎಂಟು ವರ್ಷ. ದಿನಾ ಸಂಜೆ ಆಕೆ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದಳು, ನಾನು ಚಹಾ ಕೊಡುತ್ತಿದ್ದೆ. ಬೇರೆ ಮಾತು ಭಾಳ ಆಡಿದೆವು.