ಆಷಾಢದಲ್ಲಿ ಹಾಕಿದ ಬಾಗಿಲು

ಪಾಂಡವಪುರದ ನಮ್ಮ ಮನೆಯಲ್ಲಿ ಮಲಗುವ ಕೋಣೆಗೆ ಬಾಗಿಲಿತ್ತು. ಅದನ್ನು ಹಾಕುವ ಪದ್ಧತಿ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ನಡುಮನೆಯಲ್ಲಿ ಮಂಚ ಹಾಕಿಸಿಕೊಂಡರು. ನಮ್ಮ ಕಿಟಕಿಯ ಗಾಳಿ ನೇರ ಆ ಮಂಚಕ್ಕೇ ಬರುತ್ತದೆಂದು ಮೊದಲ ದಿನವೇ ಕಂಡುಹಿಡಿದರು.

"ಬಾಗ್ಲಾಕ್ಕಂಡ್ರೆ ಉಸ್ರು ಕಟ್ಟತದೆ ಕಣವ್ವ. ತಗ್ದೇ ಇರ್ಲಿ."

ಅದೇ ಅತ್ತೆಗೆ ಮೊಮ್ಮಗು ಬೇಕಿತ್ತು. ಬಾಗಿಲು ತೆರೆದಿರಬೇಕು, ತೊಟ್ಟಿಲು ತುಂಬಬೇಕು. ಎರಡನ್ನೂ ಒಟ್ಟಿಗೆ ಬಯಸುವುದರಲ್ಲಿ ಅವರಿಗೆ ಯಾವ ತೊಡಕೂ ಕಾಣುತ್ತಿರಲಿಲ್ಲ.

ನನ್ನ ಗಂಡನಿಗೂ ಕಾಣಲಿಲ್ಲ. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಜಗತ್ತಿನ ಎಲ್ಲ ಒತ್ತಡಗಳನ್ನೂ ವಿವರಿಸಬಲ್ಲರು. ತಾಯಿಗೆ ಒಂದು ಮಾತು ಹೇಳಲಾರರು. ವರ್ಷಗಳು ಕಳೆದಂತೆ ನಾವಿಬ್ಬರೂ ಹಾಸ್ಟೆಲಿನಲ್ಲಿ ಒಂದೇ ಕೋಣೆ ಸಿಕ್ಕಿದವರಂತಾದೆವು. ಸಿಲಿಂಡರು ಬುಕ್ ಆಯಿತೇ, ನೀರು ಬಂತೇ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಒಂದು ಸಂಜೆ ತಟ್ಟೆ ತೆಗೆದುಕೊಳ್ಳುವಾಗ ಅವರ ಕೈ ನನ್ನ ಕೈಗೆ ತಾಗಿತು. "ಸಾರಿ" ಎಂದರು. ಬಸ್ಸಿನಲ್ಲಿ ಅಪರಿಚಿತರಿಗೆ ಹೇಳುವಂತೆ. ಆಗ ನನಗೆ ನಿಜವಾಗಿ ಭಯವಾಯಿತು. ಜಗಳವಾಗಿದ್ದರೆ ಸರಿಪಡಿಸಬಹುದಿತ್ತು, ಇದು ಒಬ್ಬರಿಗೊಬ್ಬರು ಬೇಡವಾಗುತ್ತಿದ್ದ ಲಕ್ಷಣ.

ಅವರಿಗೂ ಏನೋ ಅನ್ನಿಸಿರಬೇಕು. ಮೊಬೈಲಿನಲ್ಲಿ ಯಾವುದೋ ಲೇಖನ ಓದಿದರು. ದಂಪತಿಗಳು ಎದುರುಬದುರು ಕುಳಿತು, ಮಾತಾಡದೆ, ಒಬ್ಬರ ಕಣ್ಣಲ್ಲಿ ಒಬ್ಬರು ನೋಡಬೇಕಂತೆ. ಹೋದ ಆಸೆ ಮರಳುತ್ತದಂತೆ. ಒಂದು ಭಾನುವಾರ ಕುಳಿತೆವು. ಪ್ರಯೋಗಾಲಯದಲ್ಲಿ ಮಾಪಕ ನೋಡುವ ಶ್ರದ್ಧೆಯಿಂದ ಅವರು ನನ್ನನ್ನು ನೋಡಿದರು. ತೆರೆದ ಬಾಗಿಲಾಚೆಯಿಂದ ಅತ್ತೆ ಕೇಳಿದರು: "ಏನ್ಲಾ, ಅವ್ಳ ಕಣ್ಣಿಗೇನಾರ ಬಿದ್ದದಾ? ಒರ್ಸಕೆ ಅತ್ತಿ ತರ್ಲಾ?"

ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಮುಂದಿನ ಚಿಕಿತ್ಸೆಯನ್ನು ಅತ್ತೆಯೇ ಕಂಡುಹಿಡಿದರು. ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಅತ್ತೆಮನೆ ಹೊಸ್ತಿಲು ತುಳಿಯಬಾರದು. ನಮ್ಮ ಮೊದಲ ಆಷಾಢದಲ್ಲಿ ನನ್ನ ಗಂಡ ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಮಾಡಿ ನನ್ನನ್ನು ಕಳಿಸಿರಲಿಲ್ಲ.

"ಅವತ್ತು ತಪ್ಸುದ್ರಲ್ಲ, ಅದ್ಕೇ ಇಂಗಾಗಿರೋದು" ಎಂದರು ಅತ್ತೆ. "ಈ ಸಲ ಓಗ್ಬುಟ್ಟು ಬಾರವ್ವ."

ಮಗು ಬೇಕೆಂದು ಗಂಡ ಹೆಂಡತಿಯನ್ನು ಬೇರೆ ಮಾಡುವ ಈ ಉಪಾಯವನ್ನು ಮೇಷ್ಟ್ರು ಖಂಡಿಸುತ್ತಾರೆಂದು ಕಾದೆ. ಅವರು ಸೂಟ್‌ಕೇಸ್ ಕೆಳಗಿಳಿಸಿಕೊಟ್ಟರು.

ಕಿರಂಗೂರಿನ ನನ್ನ ತವರಿನ ಬೀದಿಗೆ ಅದೊಂದು ಹಬ್ಬ. ಮದುವೆಯಾಗಿ ವರ್ಷಗಳಾದವಳು ಆಷಾಢಕ್ಕೆ ಬಂದಿದ್ದಾಳೆಂದರೆ ಯಾರು ನಂಬುತ್ತಾರೆ? ಪಕ್ಕದ ಮನೆಯಾಕೆ ಕರಿಬೇವು ಕೇಳುವ ನೆಪದಲ್ಲಿ ಬಂದು ಸೂಟ್‌ಕೇಸಿನ ಗಾತ್ರ ನೋಡಿದಳು. "ಬುಡವ್ವ, ಗಂಡಸ್ರೆಲ್ಲ ಅಂಗೇಯ" ಎಂದು ನನ್ನನ್ನು ಸಮಾಧಾನ ಮಾಡಿ ಹೋದಳು. ಕರಿಬೇವು ಮರೆತಿದ್ದಳು.

ಒಂದು ವಾರಕ್ಕೆ ನನ್ನ ಗಂಡ ಸ್ಕೂಟರಿನಲ್ಲಿ ಬಂದರು. ನಾನು ಬೇಕೆಂದೇ ಬಿಟ್ಟುಬಂದಿದ್ದ ಹಳೇ ಚಾರ್ಜರನ್ನು ಕೊಡುವುದಕ್ಕಂತೆ. ಅಮ್ಮ ಗೇಟಿನಲ್ಲೇ ತಡೆದಳು.

"ಅಳಿಯಂದ್ರೇ, ಅಲ್ಲೇ ನಿಂತ್ಕಳಿ. ಆಸಾಡ."

"ಅತ್ತೆ, ಅದೆಲ್ಲ ಹೊಸಬ್ರಿಗೆ ಅಲ್ವಾ?"

"ಇವ್ಳನ್ನ ಕಳ್ಸುವಾಗ ಹೊಸಬ್ರಾಗಿದ್ರಿ, ಒಳಿಕ್ ಬರುವಾಗ ಹಳಬ್ರಾ?"

ಮೂಢನಂಬಿಕೆಯ ವಿರೋಧಿ ಸಣ್ಣ ಮಳೆಯಲ್ಲಿ ಚಾರ್ಜರು ಹಿಡಿದು ನಿಂತಿದ್ದರು. ಕೂದಲು ಹಣೆಗೆ ಅಂಟಿತ್ತು. ಎಷ್ಟೋ ಕಾಲದಿಂದ ಆ ಮುಖವನ್ನು ನಾನು ನೋಡಿರಲಿಲ್ಲ ಎನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ತೊಣ್ಣೂರು ಕೆರೆಗೆ ಹೋದೆವು. ಬೇರೆಲ್ಲಿ ಹೋದರೂ ಅವರ ವಿದ್ಯಾರ್ಥಿಗಳು ಸಿಗುತ್ತಾರೆ. ಏರಿಯ ಮೇಲೆ ಮದುವೆಗೆ ಮುಂಚಿನ ಫೋಟೋ ತೆಗೆಸುತ್ತಿದ್ದ ಜೋಡಿಯೊಂದು ಪ್ರೀತಿಗೆ ತಕ್ಕ ಬೆಳಕಿಗಾಗಿ ಕಾಯುತ್ತಿತ್ತು. ನಾವು ಸುಟ್ಟ ಜೋಳ ತೆಗೆದುಕೊಂಡೆವು. ಜೋಳ ಮಾರುವ ಹೆಂಗಸು ನನ್ನ ತಾಳಿ ನೋಡಿದಳು, ಯಾರಾದರೂ ನೋಡಿಯಾರೆಂಬ ಅವರ ಗಾಬರಿ ನೋಡಿದಳು.

"ಮದ್ವೆ ಆಗದಾ ಇಬ್ರಿಗೂ?"

"ಆಗಿದೆ" ಎಂದರು ನನ್ನ ಗಂಡ.

"ಒಬ್ರಿಗೊಬ್ರಾ?"

ಅವರು ನಕ್ಕರು. ಜೋಳ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು. ನಾನು ಬೆನ್ನು ತಟ್ಟಿದೆ. ತಟ್ಟಿದ ಕೈಯನ್ನು ತೆಗೆಯಲಿಲ್ಲ. ಅವರು ಸಾರಿ ಎನ್ನಲಿಲ್ಲ.

"ಮನೆಗೆ ಬಾ" ಎಂದರು.

"ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಲ್ಲ."

"ಮತ್ತೆ?"

"ಇಬ್ಬರಲ್ಲಿ ಯಾರು ಹೋಗಬೇಕು ಅಂತ ಶಾಸ್ತ್ರದಲ್ಲಿ ಹೇಳಿಲ್ಲ. ನಾಗಮಂಗಲದಲ್ಲಿ ನಿಮ್ಮ ಅಕ್ಕನ ಮನೆ ಇದೆ."

ಅವರು ಜೋಳದ ದಿಂಡಿನಲ್ಲಿ ಉಳಿದ ಕಾಳುಗಳನ್ನು ಒಂದೊಂದಾಗಿ ಬಿಡಿಸಿದರು. ನಾನು ಸಹಾಯ ಮಾಡಲಿಲ್ಲ. ಈ ಒಂದು ಮಾತನ್ನು ಅವರೇ ಹೇಳಬೇಕಿತ್ತು; ಹೇಳದಿದ್ದರೆ ನಾನು ಆ ಸೂಟ್‌ಕೇಸ್ ಬಿಚ್ಚಿ ಬಟ್ಟೆಗಳನ್ನು ತವರಿನ ಬೀರುವಿನಲ್ಲೇ ಜೋಡಿಸುವವಳಿದ್ದೆ. ಕೊನೆಗೆ ಫೋನು ಮಾಡಿದರು.

"ಅವ್ವ, ಆಸಾಡ ಮುಗಿಯೋಗಂಟ ಅಕ್ಕನ ಮನೇಲಿರು. ಇವ್ಳು ಮನೆಗೆ ಬತ್ತಾಳೆ... ಊಂ, ನಾನೇ ಹೇಳ್ತಾ ಇರೋದು... ಆಮೇಲೆ ನೀನು ಬಂದ್ಮೇಲೂ ಬಾಗ್ಲು ಹಾಕ್ಕತೀವಿ. ನಿಂಗೊಂದು ಫ್ಯಾನ್ ತತ್ತೀನಿ."

ಫೋನಿನಾಚೆಯ ಕೂಗು ನನಗೂ ಕೇಳಿಸಿತು. "ನಾನೋದ್ರೆ ಮುದ್ದೆ ಯಾರ್ಲಾ ತಿರುವಾರು?"

"ನಾನೇ ತಿರುವ್ತೀನಿ."

ಮರುದಿನ ಬೆಳಿಗ್ಗೆ ಅತ್ತೆ ನಾಗಮಂಗಲದ ಬಸ್ಸು ಹತ್ತಿದರು. ಊರಿಗೆಲ್ಲ ಶಾಸ್ತ್ರ ಪಾಲಿಸುತ್ತಿರುವುದಾಗಿ ಹೇಳಿಕೊಂಡೇ ಹೋದರಂತೆ. ನಾನು ಬಂದಾಗ ಮಧ್ಯಾಹ್ನ. ಮೇಷ್ಟ್ರು ತಿರುವಿದ ಮುದ್ದೆಯಲ್ಲಿ ಗಂಟುಗಳೇ ಹೆಚ್ಚು, ಮುದ್ದೆ ಕಡಿಮೆ. ಇಬ್ಬರೂ ಉಂಡೆವು.

ಆಮೇಲೆ ಕೋಣೆಯ ಬಾಗಿಲು ಹಾಕಲು ಹೋದೆ. ಮಳೆಗಾಲಕ್ಕೆ ಮರ ಉಬ್ಬಿತ್ತು. ವರ್ಷಗಟ್ಟಲೆ ಅಲುಗದ ಕೀಲು ಕಿರುಗುಟ್ಟಿ ಅರ್ಧಕ್ಕೇ ನಿಂತಿತು. ಅವರು ಬಂದು ಪಕ್ಕದಲ್ಲಿ ಭುಜ ಕೊಟ್ಟರು. ಇಬ್ಬರೂ ಸೇರಿ ತಳ್ಳಿದೆವು.

ಮುಂದಿನದನ್ನು ಬರೆಯುವುದಿಲ್ಲ. ಬಾಗಿಲು ಹಾಕಿದ್ದು ಅದಕ್ಕೇ.